ಹಳದಿ ಲೆನ್ಸ್ ಹಾಕಿದ ಕಣ್ಣು, ಗ್ಲಾಕೋಮಾದ ಫೀಲ್ಡ್ ಟೆಸ್ಟ್

(ಆಪ್ಟೊಮೆಟ್ರಿ ವಿದ್ಯಾರ್ಥಿಗಳು, ಗ್ಲಾಕೋಮಾ ಇರುವವರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಗ್ಲಾಕೋಮಾ, ಅಂದರೆ ಕಣ್ಣಿನ ನರ ನಿಧಾನವಾಗಿ ಸಾಯುವ ಕಾಯಿಲೆ ಇದ್ದು, ಪೊರೆ ತೆಗೆದು ಕೃತಕ ಲೆನ್ಸ್ ಹಾಕುವ ಆಪರೇಷನ್ನೂ ಆದವರು ಈಚೆಗೆ ಒಂದು ಪ್ರಶ್ನೆಯನ್ನು ಪದೇ ಪದೇ ಕೇಳುತ್ತಾರೆ. "ಡಾಕ್ಟ್ರೇ, ನನ್ನ ಕಣ್ಣಿಗೆ ಹಾಕಿರೋದು ಹಳದಿ ಲೆನ್ಸ್ ಅಂತೆ. ಫೀಲ್ಡ್ ಟೆಸ್ಟ್‌ನಲ್ಲಿ ಕಪ್ಪು ಬರ್ತಿರೋದು ಅದಕ್ಕೇನಾ?" ಫೀಲ್ಡ್ ಟೆಸ್ಟ್ ಅಂದರೆ ಕಣ್ಣಿಗೆ ಸುತ್ತಮುತ್ತ ಎಲ್ಲೆಲ್ಲಿ ಎಷ್ಟು ಕಾಣುತ್ತದೆ ಅಂತ ಅಳೆಯುವ ಪರೀಕ್ಷೆ, ಕಾಣದ ಜಾಗ ರಿಪೋರ್ಟ್ ಮೇಲೆ ಕಪ್ಪಾಗಿ ಬರುತ್ತದೆ. ಈ ಪ್ರಶ್ನೆಯ ಹಿಂದೆ ಒಂದು ಆಸೆ ಇರುತ್ತದೆ. ನಾನು ಹೌದು ಅಂದುಬಿಟ್ಟರೆ ಆ ಕಪ್ಪು ಕಾಯಿಲೆಯದ್ದಲ್ಲ, ಲೆನ್ಸ್‌ನದ್ದು ಅಂತಾಗುತ್ತದೆ. ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ವಿದ್ಯಾರ್ಥಿಗಳು ಅದನ್ನೇ ಬೇರೆ ಥರ ಕೇಳುತ್ತಾರೆ: "ಮೇಡಂ, ಲೆನ್ಸ್ ಯಾವ ಬಣ್ಣದ್ದು ಅಂತ ಫೀಲ್ಡ್ ರಿಪೋರ್ಟ್ ಮೇಲೆ ಬರೀಬೇಕಾ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ದಿನಾ ಮಾಡುವ ಫೀಲ್ಡ್ ಟೆಸ್ಟ್‌ಗೆ ಲೆನ್ಸ್‌ನ ಹಳದಿಯಿಂದ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಆಗುವುದಿಲ್ಲ. ನೀಲಿ ಬೆಳಕು ಬಳಸುವ ಇನ್ನೊಂದು ಬಗೆಯ ಟೆಸ್ಟ್ ಇದೆ, ಅದಕ್ಕೆ ಆಗುತ್ತದೆ. ಆದರೂ ಲೆನ್ಸ್‌ನ ವಿವರ ಬರೆದಿಡಲೇಬೇಕು. ಯಾಕೆ ಒಂದಕ್ಕೆ ಆಗುವುದಿಲ್ಲ, ಇನ್ನೊಂದಕ್ಕೆ ಆಗುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅದು ಅರ್ಥವಾದರೆ ಆಪರೇಷನ್ ಆದ ಕಣ್ಣಿನ ಫೀಲ್ಡನ್ನು ಓದುವ ರೀತಿಯೇ ಬದಲಾಗುತ್ತದೆ.

ಹಳದಿ ಅನ್ನುವುದು ಕಂಪನಿಗಳು ಹೊಸದಾಗಿ ತಂದದ್ದಲ್ಲ. ನಮ್ಮ ಕಣ್ಣಿನ ಸ್ವಂತ ಲೆನ್ಸೇ ಹಳದಿ. ಮಗುವಿನಲ್ಲಿ ಅದು ತಿಳಿಯಾಗಿರುತ್ತದೆ. ವಯಸ್ಸಾದಂತೆ ಹಳದಿಗೆ ತಿರುಗುತ್ತದೆ. ಪೊರೆ ಬಲಿತರೆ ಕಂದು ಬಣ್ಣಕ್ಕೂ ಹೋಗುತ್ತದೆ. ಕಣ್ಣಿಗೆ ಬೀಳುವ ನೇರಳಾತೀತ ಬೆಳಕಿನಲ್ಲಿ ಒಂದು ಪಾಲನ್ನು ಕಣ್ಣಿನ ಮುಂಭಾಗದ ತಿಳಿ ಪದರವಾದ ಕಾರ್ನಿಯಾ ಹೀರುತ್ತದೆ. ಅದನ್ನು ದಾಟಿ ಬಂದ, ಅಲೆಯುದ್ದ 300ರಿಂದ 400 ನ್ಯಾನೋಮೀಟರ್‌ವರೆಗಿನದನ್ನು ಮುಖ್ಯವಾಗಿ ಈ ಲೆನ್ಸ್ ತಡೆಯುತ್ತದೆ. ವಯಸ್ಸಾದ ಲೆನ್ಸ್ ಅಷ್ಟಕ್ಕೇ ನಿಲ್ಲದೆ, ಕಣ್ಣಿಗೆ ಕಾಣುವ ನೇರಳೆ ಮತ್ತು ನೀಲಿಯನ್ನೂ ತಡೆಯಲು ಶುರು ಮಾಡುತ್ತದೆ. ಇದು ನಿಧಾನವಾಗಿ ಆಗುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಮೊದಲ ಕಣ್ಣಿನ ಆಪರೇಷನ್ ಆದ ಮರುದಿನ ಎಷ್ಟು ಜನ ಹೇಳುತ್ತಾರೆ, ಗೋಡೆ ಇಷ್ಟು ಬೆಳ್ಳಗಿತ್ತಾ ಅಂತ. ಇನ್ನೊಂದು ಕಣ್ಣಲ್ಲಿ ಅದೇ ಗೋಡೆ ಇನ್ನೂ ಹಳದಿಯಾಗೇ ಕಾಣುತ್ತಿರುತ್ತದೆ.

ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೋನೆ ನಿಮಗೆ ಗೊತ್ತಿರಬಹುದು, ಕೊಳದ ತಾವರೆಗಳನ್ನು ವರ್ಷಗಟ್ಟಲೆ ಬರೆದವರು. ಅವರ ಬಲಗಣ್ಣಿನ ಪೊರೆ ತೆಗೆದದ್ದು 1923ರಲ್ಲಿ. ಆಗ ಅವರಿಗೆ 82 ವರ್ಷ. ಕಣ್ಣೊಳಗೆ ಹಾಕುವ ಲೆನ್ಸ್ ಆ ಕಾಲಕ್ಕೆ ಇರಲೇ ಇಲ್ಲ. ಪೊರೆಯ ಜೊತೆ ಲೆನ್ಸೂ ಹೋಯಿತು, ನೀಲಿಯನ್ನು ತಡೆಯುವವರು ಯಾರೂ ಉಳಿಯಲಿಲ್ಲ. ಎಲ್ಲ ನೀಲಿ ನೀಲಿ ಕಾಣುತ್ತದೆ ಅಂತ ಅವರು ದೂರಿದರು, ಬಣ್ಣದ ಗಾಜಿನ ಕನ್ನಡಕಗಳನ್ನು ಹಾಕಿ ನೋಡಿದರು. ನಮ್ಮಲ್ಲಿ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿನಲ್ಲಿ ಉಚಿತ ಶಿಬಿರ ಮಾಡಿ ಪೊರೆ ತೆಗೆಯುತ್ತಿದ್ದ ಕಾಲ ನೆನಪಿರುವ ಹಿರಿಯರು ಇಲ್ಲಿ ಇರಬಹುದು. ಆಗ ಆಪರೇಷನ್ ಆದವರಿಗೆ ಸಿಗುತ್ತಿದ್ದದ್ದು ದಪ್ಪ ಗಾಜಿನ ಕನ್ನಡಕ. ಅವರ ಕಣ್ಣಿನ ಒಳಪದರಕ್ಕೆ ನಮಗಿಂತ ಎಷ್ಟೋ ಜಾಸ್ತಿ ನೀಲಿ, ನೇರಳೆ ಬೆಳಕು ಬೀಳುತ್ತಿತ್ತು.

ಕಣ್ಣೊಳಗೆ ಲೆನ್ಸ್ ಇಡುವುದನ್ನು ಶುರು ಮಾಡಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರಲ್ಲಿ. ಅವರು ಬಳಸಿದ್ದು ಯುದ್ಧವಿಮಾನದ ಮೇಲ್ಛಾವಣಿಗೆ ಬಳಸುತ್ತಿದ್ದಂಥ ಅಕ್ರಿಲಿಕ್ ಪ್ಲಾಸ್ಟಿಕ್. ಅದು ಪೂರ್ತಿ ತಿಳಿ, ನೇರಳಾತೀತ ಬೆಳಕನ್ನೂ ಒಳಗೆ ಬಿಡುತ್ತಿತ್ತು. 1980ರ ದಶಕದಲ್ಲಿ ಲೆನ್ಸ್‌ಗೆ ನೇರಳಾತೀತವನ್ನು ತಡೆಯುವ ವಸ್ತು ಸೇರಿಸಿದರು. 1990ರ ದಶಕದ ಮೊದಲಲ್ಲಿ ಜಪಾನಿನ ಹೋಯಾ ಕಂಪನಿ ಹಳದಿ ಲೆನ್ಸ್ ತಂದಿತು. 2003ರಲ್ಲಿ ಆಲ್ಕಾನ್ ಕಂಪನಿಯ ಆಕ್ರಿಸಾಫ್ ನ್ಯಾಚುರಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿಂದ ಇದು ಎಲ್ಲ ಕಡೆ ಹರಡಿತು. ಈ ಲೆನ್ಸ್‌ಗಳ ಹಳದಿ ಎಷ್ಟು ಅಂದರೆ, ಹೆಚ್ಚುಕಮ್ಮಿ ಪ್ರಾಯದ ಇಲ್ಲವೇ ನಡುವಯಸ್ಸಿನ ಮನುಷ್ಯನ ಸ್ವಂತ ಲೆನ್ಸ್‌ನಷ್ಟು. ಅರವತ್ತೈದರ ಪೊರೆಗಣ್ಣಿನಷ್ಟು ಹಳದಿ ಯಾವುದೂ ಇಲ್ಲ. ಈ ಮಾತನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮಿಷನ್ ಹತ್ತಿರ ಬರೋಣ. ಟೆಸ್ಟ್ ಮಾಡಿಸಿಕೊಂಡವರಿಗೆ ಆ ಬಿಳಿ ಬೋಗುಣಿ ಗೊತ್ತಲ್ವಾ. ಗಲ್ಲ ಇಟ್ಟು ಕೂರುತ್ತೀರಿ, ನಡುವಿನ ದೀಪ ನೋಡುತ್ತೀರಿ, ಆಚೀಚೆ ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತುತ್ತೀರಿ. ಹಂಫ್ರಿ ಮಿಷನ್‌ನಲ್ಲಿ ಬೋಗುಣಿಯ ಹಿನ್ನೆಲೆ ಬೆಳಕು 31.5 ಅಪೋಸ್ಟಿಲ್ಬ್ (ಬೆಳಕಿನ ಪ್ರಖರತೆಯ ಒಂದು ಅಳತೆ). ಇದು ಮಂದ ಬೆಳಕೇ, ಆದರೆ ಕತ್ತಲಲ್ಲ. ಚುಕ್ಕೆ ಒಂದು ಡಿಗ್ರಿಯ ಅರ್ಧಕ್ಕಿಂತ ಸಣ್ಣದು, ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಮಾತ್ರ ಮಿಂಚುತ್ತದೆ. 24-2 ಅನ್ನುವ ಟೆಸ್ಟ್‌ನಲ್ಲಿ 54 ಜಾಗಗಳಲ್ಲಿ ಹೀಗೆ ಕೇಳುತ್ತದೆ. ಪ್ರತಿ ಜಾಗದಲ್ಲಿ ಎಷ್ಟು ಮಂಕು ಚುಕ್ಕೆಯವರೆಗೂ ನಿಮಗೆ ಕಾಣುತ್ತದೆ ಅಂತ ಹುಡುಕಿ, ಡೆಸಿಬೆಲ್ ಲೆಕ್ಕದಲ್ಲಿ ಬರೆಯುತ್ತದೆ. ಸಂಖ್ಯೆ ದೊಡ್ಡದಾದಷ್ಟು ಕಣ್ಣು ಚುರುಕು. ಮಿಷನ್ ಕೊಡಬಲ್ಲ ಅತಿ ಪ್ರಖರ ಚುಕ್ಕೆ 10,000 ಅಪೋಸ್ಟಿಲ್ಬ್, ಅದು ಸೊನ್ನೆ ಡೆಸಿಬೆಲ್. ಅಲ್ಲಿಂದ ಚುಕ್ಕೆಯ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿದರೆ 10 ಡೆಸಿಬೆಲ್. ಅರ್ಧಕ್ಕೆ ಇಳಿದರೆ 3 ಡೆಸಿಬೆಲ್. ಐದನೇ ಒಂದು ಭಾಗ ಕಡಿಮೆಯಾದರೆ ಸುಮಾರು 1 ಡೆಸಿಬೆಲ್. ಈ ಅಳತೆ ಕೈಯಲ್ಲಿ ಇದ್ದರೆ ಮುಂದಿನದು ಸುಲಭ.

ಹಳದಿ ಲೆನ್ಸ್ ನೀಲಿಯನ್ನು ತಡೆಯುತ್ತದೆ, ಸರಿ. ಹಾಗಾದರೆ ಬಿಳಿ ಚುಕ್ಕೆಯ ಬೆಳಕೂ ಕಡಿಮೆ ಆಗಬೇಕಲ್ಲ? ಆಗುತ್ತದೆ, ಆದರೆ ಬಹಳ ಸ್ವಲ್ಪ. ಬಿಳಿ ಬೆಳಕು ಎಷ್ಟು ಪ್ರಖರ ಅನ್ನಿಸುತ್ತದೆ ಅನ್ನುವುದಕ್ಕೆ ನೀಲಿಯ ಕೊಡುಗೆ ತುಂಬ ಕಮ್ಮಿ. ಹಗಲಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿರುವುದು 555 ನ್ಯಾನೋಮೀಟರ್ ಆಸುಪಾಸಿನ ಹಳದಿ ಹಸಿರಿಗೆ. ಅದಕ್ಕೆ ನೂರು ಅಂಕ ಕೊಟ್ಟರೆ, 440ರ ನೀಲಿಗೆ ಸಿಗುವುದು ಎರಡೋ ಮೂರೋ. ಆ ಎರಡು ಮೂರರಲ್ಲಿ ಅರ್ಧ ಹೋದರೂ ಬಿಳಿ ಚುಕ್ಕೆಯ ಪ್ರಖರತೆಗೆ ಏನೂ ಆಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ಚುಕ್ಕೆಯೂ ಬಿಳಿ, ಹಿನ್ನೆಲೆಯೂ ಬಿಳಿ. ಎರಡೂ ಅದೇ ಲೆನ್ಸ್ ದಾಟಿಕೊಂಡೇ ಒಳಗೆ ಹೋಗಬೇಕು. ಲೆನ್ಸ್ ಎಷ್ಟು ತಡೆಯುತ್ತದೋ ಅಷ್ಟನ್ನು ಎರಡರಿಂದಲೂ ತಡೆಯುತ್ತದೆ. ಈ ಮಟ್ಟದ ಬೆಳಕಿನಲ್ಲಿ ಕಣ್ಣು ನೋಡುವುದು ಚುಕ್ಕೆಯ ಒಟ್ಟು ಬೆಳಕನ್ನಲ್ಲ, ಹಿನ್ನೆಲೆಗಿಂತ ಅದು ಎಷ್ಟು ಪಾಲು ಹೆಚ್ಚು ಅನ್ನುವುದನ್ನು. ಎರಡೂ ಒಟ್ಟಿಗೆ ತಗ್ಗಿದರೆ ಆ ಪಾಲು ಹಾಗೇ ಉಳಿಯುತ್ತದೆ. ಹಿನ್ನೆಲೆಯ ಬೆಳಕನ್ನು ಈ ಮಟ್ಟಕ್ಕೆ ಇಟ್ಟಿರುವುದರ ಲಾಭವೇ ಇದು. ಲೆನ್ಸ್‌ನ ಬಣ್ಣ, ಪಾಪೆಯ ಅಳತೆ, ಇವೆಲ್ಲ ಒಬ್ಬರಿಂದ ಒಬ್ಬರಿಗೆ ಸ್ವಲ್ಪ ಬೇರೆಯಾದರೂ ಟೆಸ್ಟ್ ಹಾದಿ ತಪ್ಪಬಾರದು. ಬರ್ನ್ ನಗರದ ಹಾನ್ಸ್ ಗೋಲ್ಡ್‌ಮನ್ 1945ರಲ್ಲಿ ತಮ್ಮ ಬೋಗುಣಿ ಯಂತ್ರ ತಂದಾಗ ಪಕ್ಕಾ ಮಾಡಿದ ಹಿನ್ನೆಲೆ ಬೆಳಕನ್ನೇ ನಾವು ಇವತ್ತಿಗೂ ಬಳಸುತ್ತಿದ್ದೇವೆ. ಎಷ್ಟು ದೂರ ನೋಡಿದ್ದರು ಆ ಮನುಷ್ಯ ಅಂತ ನನಗೆ ಈಗಲೂ ಗೌರವ.

ಇಷ್ಟಾದ ಮೇಲೂ ಒಂದಿಷ್ಟು ವ್ಯತ್ಯಾಸ ಉಳಿದಿದೆ ಅಂತಲೇ ಇಟ್ಟುಕೊಳ್ಳಿ. ಅದು ಫೀಲ್ಡ್‌ನಲ್ಲಿ ಹೇಗೆ ಕಾಣಬೇಕು? ಬಟ್ಟೆಗೆ ಬಣ್ಣ ಹಾಕಿದರೆ ಇಡೀ ಬಟ್ಟೆ ಬಣ್ಣಕ್ಕೆ ತಿರುಗುತ್ತದೆ. ಇಲಿ ಕಚ್ಚಿದರೆ ಕಚ್ಚಿದಲ್ಲಿ ಮಾತ್ರ ತೂತು. ಲೆನ್ಸ್‌ನ ಹಳದಿ ಎಲ್ಲ 54 ಜಾಗಗಳಿಂದಲೂ ಸಮವಾಗಿ ಸ್ವಲ್ಪ ಕಳೆಯಬಲ್ಲದು, ಅಷ್ಟೇ. ಮೂಗಿನ ಕಡೆ ಅಡ್ಡಗೆರೆಗೆ ತಾಗಿ ಒಂದು ಮೆಟ್ಟಿಲು, ಇಲ್ಲವೇ ಕುರುಡು ಚುಕ್ಕೆಯಿಂದ (ನರ ಕಣ್ಣಿನಿಂದ ಹೊರಡುವಲ್ಲಿ ಎಲ್ಲರಿಗೂ ಇರುವ ಕಾಣದ ಜಾಗ) ಬಿಲ್ಲಿನಂತೆ ಬಾಗಿ ಹೋಗುವ ಕಪ್ಪು, ಇದನ್ನು ಯಾವ ಬಣ್ಣದ ಲೆನ್ಸೂ ಮಾಡಲಾರದು. ಅವು ನರದ ಎಳೆಗಳು ಹೋದ ದಾರಿಯಲ್ಲೇ ಬರುವ ಆಕಾರಗಳು. ಮೇಲಿನ ಅರ್ಧ ಕಪ್ಪಾಗಿ ಕೆಳಗಿನ ಅರ್ಧ ಚೆನ್ನಾಗಿದ್ದರೆ ಲೆನ್ಸನ್ನು ಬಿಟ್ಟು ನರವನ್ನು ನೋಡಿ. ನನ್ನನ್ನು ಆಸೆಯಿಂದ ಕೇಳುವವರಿಗೆ ನಾನು ರಿಪೋರ್ಟ್ ಬಿಡಿಸಿ ಈ ಆಕಾರವನ್ನೇ ತೋರಿಸುತ್ತೇನೆ. ಬೇಸರವಾಗುತ್ತದೆ, ನಿಜ. ಆದರೆ ಲೆನ್ಸ್‌ನ ದೆಸೆಯಿಂದ ಅಂತ ಸಮಾಧಾನ ಹೇಳಿ ಕಳಿಸಿದರೆ ಅವರು ಕಣ್ಣಿನ ಒತ್ತಡ ಇಳಿಸುವ ಹನಿ ಹಾಕುವುದನ್ನು ಬಿಡುತ್ತಾರೆ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಈಗ ಇನ್ನೊಂದು ಟೆಸ್ಟ್. ನಿಮ್ಮಲ್ಲಿ ಸ್ವಾಪ್ ಮಾಡಿದವರು ಯಾರಾದರೂ ಇದ್ದೀರಾ? ಒಂದೆರಡು ಕೈ ಮಾತ್ರ ಮೇಲೆ ಬಂತು, ನನಗೆ ಆಶ್ಚರ್ಯ ಇಲ್ಲ. ಈಗ ಬಹಳ ಕಡೆ ಮಾಡುವುದಿಲ್ಲ. ಸ್ವಾಪ್ ಅಂದರೆ ಹಳದಿ ಹಿನ್ನೆಲೆಯ ಮೇಲೆ ನೀಲಿ ಚುಕ್ಕೆ ತೋರಿಸುವ ಟೆಸ್ಟ್. ಅಮೆರಿಕದ ಕ್ರಿಸ್ ಜಾನ್ಸನ್, ಪಮೇಲಾ ಸ್ಯಾಂಪಲ್ ಮೊದಲಾದವರು 1990ರ ದಶಕದಲ್ಲಿ ಇದರ ಮೇಲೆ ತುಂಬ ಕೆಲಸ ಮಾಡಿದರು. ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳು ಮೂರು ಬಗೆ. ಅವುಗಳಲ್ಲಿ ನೀಲಿಯವು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಅವುಗಳ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಕೋಶಗಳೂ ಕಡಿಮೆ. ಸಂಖ್ಯೆ ಕಡಿಮೆ ಇರುವ ಕಡೆ ಒಂದಿಷ್ಟು ಕೋಶ ಸತ್ತರೂ ಕೊರತೆ ಬೇಗ ಬಯಲಾಗುತ್ತದೆ. ಹಾಗಾಗಿ ಬಿಳಿ ಟೆಸ್ಟ್‌ನಲ್ಲಿ ಕಾಣುವ ಮುಂಚೆಯೇ ಗ್ಲಾಕೋಮಾ ಇಲ್ಲಿ ಸಿಕ್ಕಿಬೀಳಬಹುದು ಅನ್ನುವುದು ಆಲೋಚನೆ. ಪ್ರಖರ ಹಳದಿ ಹಿನ್ನೆಲೆ ಯಾಕೆ ಅಂದರೆ, ಕೆಂಪು ಮತ್ತು ಹಸಿರು ಕೋನ್‌ಗಳನ್ನು ಮಂಕು ಮಾಡಿ ಬದಿಗೆ ಸರಿಸಲು. ಆಮೇಲೆ 440 ನ್ಯಾನೋಮೀಟರ್‌ನ ದೊಡ್ಡ ನೀಲಿ ಚುಕ್ಕೆ ಬಂದರೆ ಅದನ್ನು ನೀಲಿ ಕೋನ್ ಮಾತ್ರ ನೋಡುತ್ತದೆ.

ಈಗ ಇದರ ಮುಂದೆ ಹಳದಿ ಲೆನ್ಸ್ ಇಡಿ. ಹಿನ್ನೆಲೆಯ ಹಳದಿ ಬೆಳಕು ಆ ಲೆನ್ಸನ್ನು ಆರಾಮಾಗಿ ದಾಟುತ್ತದೆ. ನೀಲಿ ಚುಕ್ಕೆ ಮಾತ್ರ ತಡೆಗೆ ಸಿಗುತ್ತದೆ. ಬಿಳಿ ಟೆಸ್ಟ್‌ನಲ್ಲಿ ನಮ್ಮನ್ನು ಕಾಪಾಡಿದ ನಿಯಮ ಇಲ್ಲಿ ಇಲ್ಲ. ಎರಡೂ ಒಟ್ಟಿಗೆ ತಗ್ಗುವುದಿಲ್ಲ, ಒಂದೇ ತಗ್ಗುತ್ತದೆ. 440ರ ನೀಲಿಯಲ್ಲಿ ಅರ್ಧವನ್ನು ಲೆನ್ಸ್ ತಡೆಯಿತು ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ, ಆಗಲೇ ನೋಡಿದ ಹಾಗೆ, 3 ಡೆಸಿಬೆಲ್ ಸುಮ್ನೆ ಹೋಯಿತು. ಕಣ್ಣಿನ ನರಕ್ಕೆ ಏನೂ ಆಗದೆಯೇ ಹೋಯಿತು. ಲೆನ್ಸ್‌ನ ಪವರ್ ಜಾಸ್ತಿಯಾದರೆ ಅದು ದಪ್ಪವಾಗಿರುತ್ತದೆ. ಕೆಲವು ಲೆನ್ಸ್‌ಗಳಲ್ಲಿ ದಪ್ಪದ ಜೊತೆ ತಡೆಯೂ ಏರುತ್ತದೆ. ಅಂದರೆ ಒಂದೇ ಮಾಡೆಲ್ ಆದರೂ ಎಲ್ಲರಲ್ಲೂ ಒಂದೇ ಅಂಕಿ ಕಳೆದು ಸರಿಮಾಡಲು ಬರುವುದಿಲ್ಲ.

ಇಲ್ಲಿ ಒಂದು ತಿರುವು ಇದೆ. ಇದನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ. ಮಿಷನ್ ನಿಮ್ಮ ಅಂಕಿಯನ್ನು ಯಾರ ಜೊತೆ ಹೋಲಿಸುತ್ತದೆ? ನಿಮ್ಮದೇ ವಯಸ್ಸಿನ, ಆರೋಗ್ಯವಾದ ಕಣ್ಣಿರುವವರ ಜೊತೆ. ಆ ಅರವತ್ತೈದರ ಆರೋಗ್ಯವಂತರ ಕಣ್ಣಲ್ಲಿ ಇರುವುದು ಅವರ ಸ್ವಂತ ಲೆನ್ಸ್, ಅದು ಹಳದಿಯಾದ ಲೆನ್ಸ್. ನೆನಪಲ್ಲಿ ಇಟ್ಟುಕೊಳ್ಳಿ ಅಂದೆನಲ್ಲ, ಅದು ಇದಕ್ಕೇ. ಹಳದಿ ಕೃತಕ ಲೆನ್ಸ್ ಹಾಕಿಸಿಕೊಂಡವರಿಗೂ ಸ್ವಾಪ್‌ನಲ್ಲಿ ಆ ವಯಸ್ಸಿನ ಸ್ವಂತ ಲೆನ್ಸ್ ಇರುವವರಿಗಿಂತ ಹೆಚ್ಚು ನೀಲಿ ಸಿಗುತ್ತಿರಬಹುದು. ಬಣ್ಣವಿಲ್ಲದ ತಿಳಿ ಲೆನ್ಸ್ ಇದ್ದರೆ ಇನ್ನೂ ಜಾಸ್ತಿ. ಹಾಗಾಗಿ ತಿಳಿ ಲೆನ್ಸ್‌ನ ಕಣ್ಣು ಇರುವುದಕ್ಕಿಂತ ಚೆನ್ನಾಗಿದೆ ಅಂತ ಕಾಣಬಹುದು. ಒಂದಿಷ್ಟು ನರ ನಿಜವಾಗಿ ಹೋಗಿದ್ದರೂ ಒಟ್ಟು ಅಂಕಿ ಸಾಮಾನ್ಯ ಮಟ್ಟದಲ್ಲೇ ನಿಂತಿರಬಹುದು. ಎಲ್ಲರೂ ಹಳದಿ ಲೆನ್ಸ್‌ಗೆ ಹೆದರುತ್ತಾರೆ. ನನ್ನನ್ನು ಕೇಳಿದರೆ ಸ್ವಾಪ್‌ನಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ತಿಳಿ ಲೆನ್ಸ್ ಇರುವ ಕಣ್ಣಿನಲ್ಲಿ. ತಪ್ಪಾಗಿ ಅನುಮಾನಪಟ್ಟರೆ ಇನ್ನೊಮ್ಮೆ ಟೆಸ್ಟ್ ಮಾಡುತ್ತೇವೆ. ತಪ್ಪಾಗಿ ಸಮಾಧಾನ ಪಟ್ಟರೆ ಒಂದು ವರ್ಷ ಹೋಗಿಬಿಡುತ್ತದೆ.

ಒಂದು ಕಣ್ಣಿಗೆ ಹಳದಿ, ಇನ್ನೊಂದಕ್ಕೆ ತಿಳಿ ಲೆನ್ಸ್ ಇರುವವರೂ ಬರುತ್ತಾರೆ. ಬೇರೆ ಬೇರೆ ವರ್ಷದಲ್ಲಿ, ಬೇರೆ ಬೇರೆ ಊರಲ್ಲಿ ಆಪರೇಷನ್ ಆಗಿರುತ್ತದೆ. ಅಂಥವರ ಎರಡು ಕಣ್ಣಿನ ಸ್ವಾಪ್ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ಯಾವ ಕಣ್ಣು ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಒಂದೊಂದು ಕಣ್ಣಿನೊಳಗೆ ಮೇಲಿನ ಅರ್ಧ, ಕೆಳಗಿನ ಅರ್ಧ ಹೋಲಿಸಿ. ಲೆನ್ಸ್ ಎರಡಕ್ಕೂ ಒಂದೇ.

ಸ್ವಾಪ್ ಯಾಕೆ ಹಿಂದೆ ಸರಿಯಿತು ಅನ್ನುವುದನ್ನೂ ಹೇಳಬೇಕು. ಶುರುವಿನಲ್ಲಿ ಇದು ಕೆಲವು ವರ್ಷ ಮುಂಚೆಯೇ ಕಾಯಿಲೆ ಹಿಡಿಯುತ್ತದೆ ಅನ್ನುವ ನಂಬಿಕೆ ಇತ್ತು. ನಂತರ ಬಂದ ಅಧ್ಯಯನಗಳು ಅದನ್ನು ಪೂರ್ತಿ ಎತ್ತಿ ಹಿಡಿಯಲಿಲ್ಲ. ಟೆಸ್ಟ್ ಉದ್ದ, ಹಳೆಯ ವಿಧಾನದಲ್ಲಿ ಒಂದೊಂದು ಕಣ್ಣಿಗೆ ಹತ್ತು ನಿಮಿಷಕ್ಕೂ ಜಾಸ್ತಿ. ವಯಸ್ಸಾದವರು ಸುಸ್ತಾಗುತ್ತಾರೆ. ಇವತ್ತು ಮಾಡಿದ್ದಕ್ಕೂ ಮುಂದಿನ ತಿಂಗಳು ಮಾಡಿದ್ದಕ್ಕೂ ಅಂಕಿ ಏರುಪೇರಾಗುತ್ತದೆ. ಸ್ವಲ್ಪ ಪೊರೆ ಬಂದರೂ ಕೆಡುತ್ತದೆ. ಅಷ್ಟರಲ್ಲಿ ಓಸಿಟಿ ಸ್ಕ್ಯಾನ್ ಬಂತು, ನರದ ಪದರವನ್ನೇ ಅಳೆಯುವುದು ಸಾಧ್ಯವಾಯಿತು. ನಾವು ಗ್ಲಾಕೋಮಾಗೆ ಬಳಸುವ ಓಸಿಟಿಯ ಬೆಳಕು 840 ನ್ಯಾನೋಮೀಟರ್ ಆಸುಪಾಸಿನದು, ಕೆಂಪಿನಿಂದಲೂ ಆಚೆ. ಹಳದಿ ಲೆನ್ಸ್‌ಗೆ ಆ ಬೆಳಕಿನ ತಂಟೆಯೇ ಇಲ್ಲ. ಫೀಲ್ಡ್ ಬಗ್ಗೆ ಅನುಮಾನ ಬಂದಾಗ ಓಸಿಟಿ ಜೊತೆ ತಾಳೆ ನೋಡುವುದು ಇದಕ್ಕೂ ಒಳ್ಳೆಯದು.

ಈಗ ನನಗೆ ಹೆಚ್ಚು ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಪೊರೆಯ ಆಪರೇಷನ್ ಆದಮೇಲೆ ಫೀಲ್ಡ್ ಬದಲಾಗುತ್ತದೆ, ಚೆನ್ನಾಗಿಯೇ ಬದಲಾಗುತ್ತದೆ. ಆದರೆ ಬದಲಾಯಿಸುವುದು ಹೊಸ ಲೆನ್ಸ್‌ನ ಬಣ್ಣ ಅಲ್ಲ, ಹಳೆಯ ಪೊರೆ ಹೋದದ್ದು. ಪೊರೆ ಬೆಳಕನ್ನು ಬರೀ ತಡೆಯುವುದಿಲ್ಲ, ಚದುರಿಸುತ್ತದೆ. ಚುಕ್ಕೆ ಹರಡಿ ಮಸುಕಾಗುತ್ತದೆ, ಹಿನ್ನೆಲೆಯಿಂದ ಬೇರೆಯಾಗಿ ಕಾಣುವುದಿಲ್ಲ. ಆಗ ಇಡೀ ಫೀಲ್ಡ್ ಕೆಳಗೆ ಇಳಿಯುತ್ತದೆ. ಪೊರೆ ತೆಗೆದ ಮೇಲೆ ಎಂಡಿ, ಅಂದರೆ ಒಟ್ಟು ಫೀಲ್ಡ್ ಎಷ್ಟು ಕುಗ್ಗಿದೆ ಅನ್ನುವ ಸರಾಸರಿ, ಸುಧಾರಿಸುತ್ತದೆ. ಅದೇ ಹೊತ್ತಿಗೆ ಪಿಎಸ್‌ಡಿ, ಅಂದರೆ ಫೀಲ್ಡ್ ಎಷ್ಟು ಏರುಪೇರಾಗಿದೆ ಅನ್ನುವ ಅಂಕಿ, ಕೆಲವೊಮ್ಮೆ ಏರುತ್ತದೆ. ನೋಡಿದ ತಕ್ಷಣ ಕಾಯಿಲೆ ಜಾಸ್ತಿ ಆಯಿತು ಅನ್ನಿಸುತ್ತದೆ. ಹಾಗಲ್ಲ. ಚೆನ್ನಾಗಿದ್ದ ಜಾಗಗಳು ಮೇಲೆದ್ದವು, ನರ ಸತ್ತ ಜಾಗ ಇದ್ದಲ್ಲೇ ಉಳಿಯಿತು. ಎರಡರ ನಡುವಿನ ಅಂತರ ಈಗ ಸ್ಪಷ್ಟವಾಯಿತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆಪರೇಷನ್‌ಗೆ ಮುಂಚೆ ಒಬ್ಬರ ಎಂಡಿ ಮೈನಸ್ 8. ಆಪರೇಷನ್ ಆಯಿತು, ಎಂಡಿ ಮೈನಸ್ 5ಕ್ಕೆ ಬಂತು. ಮನೆಯವರಿಗೆ ಖುಷಿ, ನಮಗೂ ಖುಷಿ. ಎರಡು ವರ್ಷ ಕಳೆದು ಮತ್ತೆ ಟೆಸ್ಟ್ ಮಾಡಿದರೆ ಮೈನಸ್ 8. ಹಳೆಯ ರಿಪೋರ್ಟ್ ಜೊತೆ ಹೋಲಿಸಿದರೆ ಆಗಲೂ 8, ಈಗಲೂ 8. ಏನೂ ಬದಲಾಗಿಲ್ಲ ಅಂತ ಕಾಣುತ್ತದೆ. ನಿಜವಾಗಿ ಆದದ್ದು ಏನು? ಪೊರೆ ಹೋಗಿ ಸಿಕ್ಕಿದ್ದ 3 ಡೆಸಿಬೆಲ್ಲನ್ನು ಗ್ಲಾಕೋಮಾ ಎರಡೇ ವರ್ಷದಲ್ಲಿ ತಿಂದಿತು. ವರ್ಷಕ್ಕೆ ಒಂದೂವರೆ ಡೆಸಿಬೆಲ್ ಅಂದರೆ ವೇಗವಾಗಿ ಕೆಡುತ್ತಿರುವ ಕಣ್ಣು. ಕೂಡಲೇ ಒತ್ತಡ ಇನ್ನಷ್ಟು ಇಳಿಸಬೇಕಾದ ಕಣ್ಣು. ಹಳೆಯ ಮತ್ತು ಹೊಸ ಟೆಸ್ಟ್‌ಗಳನ್ನು ಒಂದೇ ಗೆರೆಯಲ್ಲಿ ಸೇರಿಸಿ ಎಳೆದರೆ ಆ ಅಪಾಯ ಗೆರೆಯೊಳಗೆ ಅಡಗಿಹೋಗುತ್ತದೆ. ಮಿಷನ್‌ನ ವಿಎಫ್‌ಐ ಅನ್ನುವ, ಉಳಿದಿರುವ ಫೀಲ್ಡನ್ನು ನೂರಕ್ಕೆ ಇಷ್ಟು ಅಂತ ಹೇಳುವ ಅಂಕಿ ಪೊರೆಯಿಂದ ಇಷ್ಟು ಬೇಗ ಮೋಸ ಹೋಗುವುದಿಲ್ಲ. ಪ್ಯಾಟರ್ನ್ ಡೀವಿಯೇಷನ್ ನಕ್ಷೆಯೂ ಒಟ್ಟಾರೆ ಕುಗ್ಗಿದ್ದನ್ನು ಕಳೆದು ತೂತನ್ನಷ್ಟೇ ತೋರಿಸಲು ನೋಡುತ್ತದೆ. ಆದರೂ ಅವುಗಳ ಮೇಲೆ ಪೂರ್ತಿ ಭಾರ ಹಾಕಬೇಡಿ.

ಇದಕ್ಕೆ ದಾರಿ ಸುಲಭ. ಆಪರೇಷನ್ ಆಗಿ ಕಣ್ಣು ಮಾಗಿ, ಕನ್ನಡಕದ ನಂಬರ್ ನಿಂತ ಮೇಲೆ, ಅಂದರೆ ಸಾಮಾನ್ಯವಾಗಿ ಒಂದು ಒಂದೂವರೆ ತಿಂಗಳಾದ ಮೇಲೆ, ಹೊಸದಾಗಿ ಫೀಲ್ಡ್ ಮಾಡಿ. ಕೆಲವು ತಿಂಗಳೊಳಗೆ ಇನ್ನೊಂದು ಮಾಡಿ. ಅವೆರಡನ್ನೂ ಹೊಸ ಬುನಾದಿ ಅಂತ ಮಿಷನ್‌ಗೆ ಹೇಳಿ. ಕಾಯಿಲೆ ಮುಂದುವರಿಯುತ್ತಿದೆಯೇ ಅಂತ ಲೆಕ್ಕ ಹಾಕುವ ಪ್ರೋಗ್ರೆಷನ್ ಅನಾಲಿಸಿಸ್‌ನಲ್ಲಿ ಬೇಸ್‌ಲೈನ್ ಬದಲಾಯಿಸಲು ಜಾಗ ಇದೆ. ಅದನ್ನು ನಾವೇ ಬದಲಾಯಿಸಬೇಕು, ಆಪರೇಷನ್ ಆಗಿದೆ ಅಂತ ಮಿಷನ್‌ಗೆ ತಾನಾಗಿ ತಿಳಿಯುವುದಿಲ್ಲ. ಹಳೆಯ ರಿಪೋರ್ಟ್‌ಗಳನ್ನು ಎಸೆಯಬೇಡಿ, ಅವುಗಳಲ್ಲಿ ತೂತಿನ ಆಕಾರ ಇದೆ. ಸರಾಸರಿಯನ್ನು ಮಾತ್ರ ಆಚೆಯದಕ್ಕೂ ಈಚೆಯದಕ್ಕೂ ಸೇರಿಸಬೇಡಿ.

ಟೆಸ್ಟ್ ಮಾಡುವ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ವಿಶೇಷ ಮಾತು. ಬೋಗುಣಿ ಕಣ್ಣಿನಿಂದ 30 ಸೆಂಟಿಮೀಟರ್ ದೂರದಲ್ಲಿದೆ. ಕೃತಕ ಲೆನ್ಸ್ ಹತ್ತಿರದ್ದಕ್ಕೆ ಹೊಂದಿಕೊಳ್ಳಲಾರದು. ಹಾಗಾಗಿ ವಯಸ್ಸು ನಲವತ್ತೇ ಆಗಿದ್ದರೂ ಹತ್ತಿರದ ಪೂರ್ತಿ ಪವರ್ ಕೊಡಬೇಕು, ಪ್ಲಸ್ 3.25. ದೂರದ ನಂಬರ್ ಕೂಡ ಆಪರೇಷನ್ ಆದಮೇಲಿನದ್ದೇ ಆಗಿರಬೇಕು. ಮಿಷನ್‌ನಲ್ಲಿ ಹಳೆಯ ನಂಬರ್ ಉಳಿದುಕೊಂಡಿರುತ್ತದೆ, ಅದನ್ನೇ ಒತ್ತಿ ಮುಂದೆ ಹೋಗಬೇಡಿ. ನಂಬರ್ ಒಂದು ಡಯಾಪ್ಟರ್ ತಪ್ಪಿದರೆ ಒಂದು ಡೆಸಿಬೆಲ್‌ಗೂ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ಲೆನ್ಸ್‌ನ ಹಳದಿ ಬಿಳಿ ಟೆಸ್ಟ್‌ನಲ್ಲಿ ಅಷ್ಟು ಕಳೆಯುವುದಿಲ್ಲ. ಬಣ್ಣದ ಚರ್ಚೆಗಿಂತ ಈ ನಂಬರ್ ಮೇಲೆ ಒಂದು ನಿಮಿಷ ಖರ್ಚು ಮಾಡಿದರೆ ರೋಗಿಗೆ ಹೆಚ್ಚು ಲಾಭ. ಲೆನ್ಸ್ ಹಿಂದಿನ ಪದರ ಮತ್ತೆ ಮಂಜಾಗಿದೆಯೇ, ಪಾಪೆ ತುಂಬ ಸಣ್ಣದಾಗಿದೆಯೇ, ಇವನ್ನೂ ನೋಡಿ ಬರೆಯಿರಿ. ರೋಗಿ ಬಿಸಿಲಿಗೆ ಕಪ್ಪಾಗುವ ಕನ್ನಡಕ ಹಾಕಿಕೊಂಡೇ ಬಂದಿದ್ದರೆ ಅದನ್ನು ತೆಗೆಸಿ ಮಿಷನ್‌ನ ಗಾಜುಗಳನ್ನೇ ಹಾಕಿ.

ಲೆನ್ಸ್‌ನ ಬಗ್ಗೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಅದು ಮಲ್ಟಿಫೋಕಲ್ಲಾ ಅನ್ನುವುದು. ಕನ್ನಡಕ ಬೇಡ, ದೂರವೂ ಹತ್ತಿರವೂ ಒಂದೇ ಲೆನ್ಸ್‌ನಲ್ಲಿ ಕಾಣಬೇಕು ಅಂತ ದುಬಾರಿ ಲೆನ್ಸ್ ಹಾಕಿಸಿಕೊಳ್ಳುತ್ತಾರೆ. ಆ ಲೆನ್ಸ್ ಬರುವ ಬೆಳಕನ್ನು ಹಂಚುತ್ತದೆ. ಒಂದು ಪಾಲು ದೂರಕ್ಕೆ, ಒಂದು ಪಾಲು ಹತ್ತಿರಕ್ಕೆ. ಆಗ ಚುಕ್ಕೆ ಹಿನ್ನೆಲೆಯಿಂದ ಎದ್ದು ಕಾಣುವುದೇ ಕಡಿಮೆಯಾಗುತ್ತದೆ. ಬಿಳಿ ಟೆಸ್ಟ್‌ನಲ್ಲಿ ಎಂಡಿ ಸುಮಾರು 2 ಡೆಸಿಬೆಲ್‌ನಷ್ಟು ತಗ್ಗಿದ್ದನ್ನು ಅಧ್ಯಯನಗಳಲ್ಲಿ ನೋಡಿದ್ದಾರೆ. ಆರೋಗ್ಯವಾದ ಕಣ್ಣು ಅದನ್ನು ತಾಳಿಕೊಳ್ಳುತ್ತದೆ. ಗ್ಲಾಕೋಮಾದಿಂದ ಆಗಲೇ ಕಾಂಟ್ರಾಸ್ಟ್ ಕಳೆದುಕೊಂಡ ಕಣ್ಣಿಗೆ ಇದು ಎರಡನೇ ಪೆಟ್ಟು. ಫೀಲ್ಡ್‌ನಲ್ಲಿ ಈಗಾಗಲೇ ಕಪ್ಪು ಇರುವವರಿಗೆ ನಾನು ಈ ಲೆನ್ಸ್ ಬೇಡ ಅಂತ ನೇರವಾಗಿ ಹೇಳುತ್ತೇನೆ. ಓದಲು ಕನ್ನಡಕ ಹಾಕಿಕೊಂಡರಾಯಿತು.

ಹಾಗಾದರೆ ಹಳದಿ ಹಾಕಿಸಬೇಕೋ ತಿಳಿಯದ್ದೋ? ಇದು ಗ್ಲಾಕೋಮಾ ಇರುವವರ ಪ್ರಶ್ನೆ. ಹಳದಿಯ ಪರವಾದ ವಾದ, ನೀಲಿ ಬೆಳಕಿನಿಂದ ಕಣ್ಣಿನ ಒಳಪದರದ ನಡುಭಾಗವಾದ ಮ್ಯಾಕ್ಯುಲಾಗೆ ಆಗುವ ಹಾನಿ ತಪ್ಪುತ್ತದೆ ಅನ್ನುವುದು. ಎದುರು ವಾದ, ಸಂಜೆಗತ್ತಲಲ್ಲಿ ನೋಡಲು ಬೇಕಾದ ಬೆಳಕು, ನಿದ್ದೆ ಎಚ್ಚರದ ಗಡಿಯಾರಕ್ಕೆ ಬೇಕಾದ 480 ನ್ಯಾನೋಮೀಟರ್ ಆಸುಪಾಸಿನ ಬೆಳಕು ಕಡಿಮೆಯಾಗುತ್ತದೆ ಅನ್ನುವುದು. ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2018ರಲ್ಲಿ 51 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿತು. ಎರಡು ಬಗೆಯ ಲೆನ್ಸ್‌ಗಳ ನಡುವೆ ದೃಷ್ಟಿಯ ಚುರುಕಿನಲ್ಲಿ ಗಮನಕ್ಕೆ ಬರುವ ವ್ಯತ್ಯಾಸ ಕಾಣಲಿಲ್ಲ. ಮ್ಯಾಕ್ಯುಲಾವನ್ನು ಹಳದಿ ಲೆನ್ಸ್ ಕಾಪಾಡುತ್ತದೆ ಅನ್ನಲು ಗಟ್ಟಿ ಪುರಾವೆಯೂ ಸಿಗಲಿಲ್ಲ. ಹೀಗಿರುವಾಗ ಫೀಲ್ಡ್ ಟೆಸ್ಟ್‌ನ ಕಾರಣಕ್ಕೆ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಾಗಿಲ್ಲ. ನಿಮ್ಮ ಸರ್ಜನ್‌ಗೆ ಯಾವುದು ಚೆನ್ನಾಗಿ ಒಗ್ಗಿದೆಯೋ ಅದು ಸಾಕು. ಎರಡನೇ ಕಣ್ಣಿಗೂ ಅದೇ ಬಣ್ಣದ್ದು ಹಾಕಿಸಿದರೆ ನಮಗೆ ಅನುಕೂಲ.

ನಿಮ್ಮ ಕೈಯಲ್ಲಿ ಆಗುವ ಒಂದು ಕೆಲಸ ಇದೆ. ಆಪರೇಷನ್ ಆದಾಗ ಕೊಡುವ ಡಿಸ್ಚಾರ್ಜ್ ಕಾಗದಕ್ಕೆ ಲೆನ್ಸ್‌ನ ಸ್ಟಿಕ್ಕರ್ ಅಂಟಿಸಿರುತ್ತಾರೆ. ಮಾಡೆಲ್, ಪವರ್ ಎಲ್ಲ ಅದರಲ್ಲಿದೆ. ಅದರ ಫೋಟೋ ತೆಗೆದು ಫೋನ್‌ನಲ್ಲಿ ಇಟ್ಟುಕೊಳ್ಳಿ, ಮಕ್ಕಳಿಗೂ ಕಳಿಸಿ. ಫೀಲ್ಡ್ ಟೆಸ್ಟ್‌ಗೆ ಬರುವಾಗ ತೋರಿಸಿ. ನಮ್ಮ ದೇಶದಲ್ಲಿ ಗ್ಲಾಕೋಮಾ ಇರುವವರು ಕೋಟಿಗೂ ಮೇಲೆ, ಅವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಇರುವುದೇ ಗೊತ್ತಿಲ್ಲ. ಗೊತ್ತಿರುವ ನಿಮ್ಮ ದಾಖಲೆಯಾದರೂ ಪೂರ್ತಿ ಇರಲಿ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಚೀಟಿ ಕಳಿಸಿದ್ದಾರೆ. ಯಜಮಾನರಿಗೆ ಹಳದಿ ಲೆನ್ಸ್ ಹಾಕಿದ್ದಾರೆ, ಗ್ಲಾಕೋಮಾನೂ ಇದೆ, ಅದನ್ನು ತೆಗೆಸಿ ತಿಳಿ ಲೆನ್ಸ್ ಹಾಕಿಸಬೇಕಾ ಅಂತ ಕೇಳಿದ್ದಾರೆ. ಬೇಡಮ್ಮ. ಕೂತಿರುವ ಲೆನ್ಸನ್ನು ಕಿತ್ತು ಇನ್ನೊಂದನ್ನು ಇಡುವುದು ಮೊದಲ ಆಪರೇಷನ್‌ಗಿಂತ ಕಷ್ಟದ್ದು. ಲೆನ್ಸ್ ಕೂತಿರುವ ಚೀಲ ಹರಿಯಬಹುದು, ಕಣ್ಣಿನ ಒತ್ತಡ ಏರಬಹುದು. ಗ್ಲಾಕೋಮಾದ ಕಣ್ಣಿಗೆ ಅದು ಬೇಡವೇ ಬೇಡ. ಅವರ ಆಪರೇಷನ್ ಆದಮೇಲೆ ಹೊಸ ಬೇಸ್‌ಲೈನ್ ಫೀಲ್ಡ್ ಆಗಿದೆಯಾ, ಅದನ್ನು ಕೇಳಿ. ಆಗಿಲ್ಲದಿದ್ದರೆ ಆಪರೇಷನ್ ಕಾಗದ, ಈಗಿನ ಕನ್ನಡಕದ ಚೀಟಿ, ಹಳೆಯ ಫೀಲ್ಡ್ ರಿಪೋರ್ಟ್‌ಗಳು, ಎಲ್ಲ ತೆಗೆದುಕೊಂಡು ಈ ತಿಂಗಳೇ ಕರೆದುಕೊಂಡು ಬನ್ನಿ.